ಸಂಶೋಧನೆಯ ಹಣ: ಕೇಳುವುದು, ಪಡೆಯುವುದು, ಲೆಕ್ಕ ಒಪ್ಪಿಸುವುದು

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಲೇಜು ಮತ್ತು ವಿಶ್ವವಿದ್ಯಾಲಯದ ಅಧ್ಯಾಪಕರವು. ಪಾಠ ಮಾಡುವುದಕ್ಕೆ, ಪಿಎಚ್‌.ಡಿ. ಮಾಡುವುದಕ್ಕೆ ನಮ್ಮಲ್ಲಿ ತರಬೇತಿ ಉಂಟು. ಪ್ರಾಜೆಕ್ಟ್‌ಗೆ ಹಣ ಕೇಳುವುದು ಹೇಗೆ, ಬಂದ ಹಣವನ್ನು ನಿಭಾಯಿಸುವುದು ಹೇಗೆ ಎಂದು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಆ ಕೊರತೆ ನಿಮ್ಮದಲ್ಲ.

ಪ್ರಶ್ನೆ: ಚಿಕ್ಕಮಗಳೂರು ಜಿಲ್ಲೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಸಹಾಯಕ ಪ್ರಾಧ್ಯಾಪಕಿ ನಾನು. ಅಸ್ಸಾಂ ಕಡೆಯಿಂದ ಕಾಫಿ ತೋಟಗಳಿಗೆ ಬರುವ ಕಾರ್ಮಿಕರ ಬಗ್ಗೆ ಅಧ್ಯಯನ ಮಾಡಲು ಐಸಿಎಸ್‌ಎಸ್‌ಆರ್‌ಗೆ (ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ) ಎರಡು ಸಲ ಅರ್ಜಿ ಹಾಕಿದೆ. ಎರಡೂ ಸಲ ಆಯ್ಕೆಯಾಗಲಿಲ್ಲ, ಕಾರಣವೂ ಗೊತ್ತಾಗಲಿಲ್ಲ. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ನನ್ನ ಇಂಗ್ಲಿಷ್ ನೋಡಿಯೇ ಪಕ್ಕಕ್ಕಿಟ್ಟರೇನೋ. ಈ ಹಣವೆಲ್ಲ ದೊಡ್ಡ ಸಂಸ್ಥೆಯವರಿಗೆ ಮಾತ್ರವೇ?

ಉತ್ತರ: ನಿಮ್ಮ ಚಿಂತೆ ಎರಡು: ಭಾಷೆ ಅಡ್ಡ ಬಂತೇ, ಸಣ್ಣ ಊರಿನ ಕಾಲೇಜು ಎಂದು ಕಡೆಗಣಿಸಿದರೇ. ಮೊದಲು ಸಮಾಧಾನ ಮಾಡಿಕೊಳ್ಳಿ. ಬರುವ ಅರ್ಜಿಗಳಲ್ಲಿ ಬಹುಪಾಲು ತಿರಸ್ಕೃತವಾಗುತ್ತವೆ, ಹೆಸರಾಂತ ಸಂಸ್ಥೆಗಳವೂ ಸೇರಿ. ಅದು ನಿಮ್ಮ ಯೋಗ್ಯತೆಯ ಮೇಲಿನ ತೀರ್ಪಲ್ಲ.

ಆದರೆ ನಿಮ್ಮ ಅನುಮಾನ ಪೂರ್ತಿ ಸುಳ್ಳು ಎಂದೂ ನಾನು ಹೇಳಲಾರೆ. ದೊಡ್ಡ ಸಂಸ್ಥೆಯವರಿಗೆ ಒಂದು ಅನುಕೂಲ ಇದ್ದೇ ಇದೆ. ಪಕ್ಕದ ಕೋಣೆಯವರ ಹತ್ತಿರ ಮಂಜೂರಾದ ಅರ್ಜಿಯ ಪ್ರತಿ ಇರುತ್ತದೆ, ಇವರದನ್ನು ಓದಿ ತಿದ್ದಲು ಒಬ್ಬ ಹಿರಿಯರು ಇರುತ್ತಾರೆ. ನಿಮಗೆ ಇಲ್ಲದಿರುವುದು ಇದು. ಇಂಗ್ಲಿಷ್ ಆಮೇಲಿನ ಮಾತು.

ನೀವು ಕಳುಹಿಸಿದ ಅರ್ಜಿಯನ್ನು ಪೂರ್ತಿ ಓದಿದೆ. ಶೀರ್ಷಿಕೆ ಹೀಗಿದೆ: ‘ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳ ವಲಸೆ ಕಾರ್ಮಿಕರ ಸಾಮಾಜಿಕ-ಆರ್ಥಿಕ ಸ್ಥಿತಿಗತಿ: ಒಂದು ಅಧ್ಯಯನ’. ಎಲ್ಲಿ, ಯಾರು ಎಂಬುದು ಇದರಲ್ಲಿದೆ. ಏನನ್ನು ತಿಳಿಯಹೊರಟಿದ್ದೀರಿ ಎಂಬುದು ಇಲ್ಲ. ನಾಲ್ಕನೆಯ ಪುಟದ ನಡುವೆ ಒಂದು ಸಾಲು ಬರೆದಿದ್ದೀರಿ: ಮಕ್ಕಳನ್ನು ಕರೆದುಕೊಂಡು ಬರುವ ಕುಟುಂಬಗಳಲ್ಲಿ ಆ ಮಕ್ಕಳು ಕೊಯ್ಲಿನ ತಿಂಗಳುಗಳಲ್ಲಿ ಊರಿನ ಶಾಲೆಯಲ್ಲೂ ಇರುವುದಿಲ್ಲ, ಇಲ್ಲಿನ ಶಾಲೆಯಲ್ಲೂ ಇರುವುದಿಲ್ಲ ಎಂದು. ಅದೇ ನಿಮ್ಮ ಪ್ರಶ್ನೆ, ತುಂಬ ಒಳ್ಳೆಯ ಪ್ರಶ್ನೆ. ಆ ಸಾಲು ಮೊದಲ ಪುಟದ ಮೊದಲ ಪ್ಯಾರಾಕ್ಕೆ ಬರಲಿ. ಅರ್ಜಿ ನೋಡುವ ತಜ್ಞರ ಮುಂದೆ ಒಂದು ಕಟ್ಟು ಕಾಗದ ಇರುತ್ತದೆ. ನಾಲ್ಕನೆಯ ಪುಟದ ತನಕ ಅವರು ಕಾಯುವುದಿಲ್ಲ.

ಇನ್ನು ವೇಳಾಪಟ್ಟಿ. ‘ನಾಲ್ಕರಿಂದ ಆರನೆಯ ತಿಂಗಳು: ಕ್ಷೇತ್ರಕಾರ್ಯ (ತೋಟಗಳಿಗೆ ಹೋಗಿ ಮಾಹಿತಿ ಸಂಗ್ರಹ)’ ಎಂದಿದ್ದೀರಿ. ಮಂಜೂರಾತಿ ಮಾರ್ಚ್‌ನಲ್ಲಿ ಬಂತು ಎಂದುಕೊಳ್ಳಿ. ನಿಮ್ಮ ಲೆಕ್ಕದ ತಿಂಗಳುಗಳು ಜೂನ್, ಜುಲೈ, ಆಗಸ್ಟ್ ಆಗುತ್ತವೆ. ಮಲೆನಾಡಿನ ಆ ಮಳೆಯಲ್ಲಿ ಕೊಯ್ಲು ಎಲ್ಲಿ, ಕೊಯ್ಲಿಗೆ ಬಂದವರು ಎಲ್ಲಿ? ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ರೊಬಸ್ಟಾ ಅದರ ಹಿಂದೆಯೇ ಮಾರ್ಚ್‌ವರೆಗೆ. ತೋಟ ಬಲ್ಲ ತಜ್ಞರ ಕೈಗೆ ನಿಮ್ಮ ಅರ್ಜಿ ಸಿಕ್ಕಿದ್ದರೆ ಇದೊಂದೇ ಸಾಲು ಸಾಕು, ಕೆಳಗಿಡುವುದಕ್ಕೆ. ತಿಂಗಳ ಎಣಿಕೆ ಬಿಡಿ. ‘ಮಂಜೂರಾತಿಯ ನಂತರ ಬರುವ ಮೊದಲ ಕೊಯ್ಲಿನಲ್ಲಿ’ ಎಂದು ಬರೆದು, ಅಲ್ಲಿಯವರೆಗೆ ಶಾಲಾ ದಾಖಲಾತಿ ನೋಡುವುದು, ಪ್ರಶ್ನಾವಳಿ ಪರೀಕ್ಷಿಸುವುದು ಇವನ್ನು ಇಟ್ಟುಕೊಳ್ಳಿ.

ಬಜೆಟ್ ಪುಟದಲ್ಲಿ ‘ಕ್ಷೇತ್ರವೆಚ್ಚ’ ಎಂದು ಒಂದೇ ಮೊತ್ತ ಬರೆದುಬಿಟ್ಟಿದ್ದೀರಿ. ಎಷ್ಟು ತೋಟ, ತೋಟಕ್ಕೆ ಎಷ್ಟು ದಿನ, ವಾಹನಕ್ಕೆ ಎಷ್ಟು, ಸಹಾಯಕರಿಗೆ ಎಷ್ಟು ಎಂದು ಬಿಡಿಸಿ ಬರೆಯಿರಿ. ಬಿಡಿಸುತ್ತ ಹೋದಾಗ ನಿಮಗೇ ಹೊಳೆಯುತ್ತದೆ: ಅಸ್ಸಾಮಿ, ಬಂಗಾಳಿ ಆಡುವವರ ಜೊತೆ ಮಾತಾಡಲು ದುಭಾಷಿ ಬೇಕು. ನಿಮ್ಮ ಪಟ್ಟಿಯಲ್ಲಿ ದುಭಾಷಿಗೆ ಒಂದು ರೂಪಾಯಿಯೂ ಇಲ್ಲ. ಹಣದ ಪಟ್ಟಿ ಓದಿದರೆ ಮಾಡುವ ಕೆಲಸ ಕಣ್ಣಿಗೆ ಕಟ್ಟಬೇಕು.

ಭಾಷೆಯ ಅಳುಕಿಗೆ ನನ್ನ ಸಲಹೆ ಇಷ್ಟೆ. ಮೊದಲು ಎಲ್ಲವನ್ನೂ ಕನ್ನಡದಲ್ಲಿ ಬರೆಯಿರಿ, ವಿಚಾರ ಗಟ್ಟಿಯಾದ ಮೇಲೆ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಇಂಗ್ಲಿಷಿಗೆ ತನ್ನಿ, ಇಂಗ್ಲಿಷ್ ವಿಭಾಗದ ಸಹೋದ್ಯೋಗಿಯೊಬ್ಬರಿಗೆ ತೋರಿಸಿ. ಬೆಂಗಳೂರಿನ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ) 1972ರಿಂದ ಇರುವ, ಐಸಿಎಸ್‌ಎಸ್‌ಆರ್ ನೆರವಿನ ಸಂಸ್ಥೆ. ಅಲ್ಲಿ ನಿಮ್ಮ ವಿಷಯಕ್ಕೆ ಹತ್ತಿರದ ಕೆಲಸ ಮಾಡಿದವರಿಗೆ ಒಂದು ಪತ್ರ ಬರೆದು, ಮಂಜೂರಾದ ಅರ್ಜಿಯೊಂದನ್ನು ಓದಲು ಕೊಡುತ್ತೀರಾ ಎಂದು ಕೇಳಿ. ಸಂಕೋಚ ಬೇಡ. ಐಸಿಎಸ್‌ಎಸ್‌ಆರ್ ನೆರವಿನಿಂದ ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪಕರಿಗಾಗಿ ಸಂಶೋಧನಾ ತರಬೇತಿ ಶಿಬಿರಗಳೂ ನಡೆಯುತ್ತವೆ. ಪ್ರಕಟಣೆ ನೋಡಿ ಒಂದಕ್ಕಾದರೂ ಹೋಗಿಬನ್ನಿ.

ಪ್ರಶ್ನೆ: ಕಲ್ಯಾಣ ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯವೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಎಎನ್‌ಆರ್‌ಎಫ್‌ನಿಂದ ಮೊದಲ ಪ್ರಾಜೆಕ್ಟ್ ಸಿಕ್ಕಿದೆ. ಸಂತೋಷಕ್ಕಿಂತ ಭಯವೇ ಹೆಚ್ಚು. ಉಪಕರಣದ ಫೈಲು ಮೇಜಿನಿಂದ ಮೇಜಿಗೆ ಅಲೆಯುತ್ತಿದೆ. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋ) ಹುಡುಗನಿಗೆ ಮೂರು ತಿಂಗಳಿಂದ ಫೆಲೋಶಿಪ್ ಆಗಿಲ್ಲ. ‘ಆಡಿಟ್‌ನವರು ಹಿಡಿದರೆ ನಿವೃತ್ತಿಯಾದರೂ ಬಿಡುವುದಿಲ್ಲ’ ಎಂದು ಹಿರಿಯರೊಬ್ಬರು ಹೇಳಿದ್ದಾರೆ. ರಾತ್ರಿ ನಿದ್ದೆ ಬರುತ್ತಿಲ್ಲ. ಹಣ ವಾಪಸ್ ಮಾಡಿಬಿಡಲೇ?

ಉತ್ತರ: ವಾಪಸ್ ಮಾಡಬೇಡಿ. ರಾಷ್ಟ್ರಮಟ್ಟದ ಪೈಪೋಟಿಯಲ್ಲಿ ಗೆದ್ದ ಹಣ ಅದು. ಎಎನ್‌ಆರ್‌ಎಫ್ (ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ) 2023ರ ಕಾಯ್ದೆಯಿಂದ ಹುಟ್ಟಿ, ಹಿಂದಿನ ಎಸ್‌ಇಆರ್‌ಬಿಯನ್ನು (ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ) ತನ್ನೊಳಗೆ ಸೇರಿಸಿಕೊಂಡ ಸಂಸ್ಥೆ. ಅಲ್ಲಿ ನಿಮ್ಮ ಹೆಸರು ಆಯ್ಕೆಯಾಗಿದೆ ಎಂದರೆ ನಿಮ್ಮ ವಿಚಾರ ನಿಂತಿದೆ ಎಂದರ್ಥ.

ಹಿರಿಯರು ಹೇಳಿದ್ದು ಬರಿಯ ಬೆದರಿಕೆಯಲ್ಲ, ಅಂಥ ಕಷ್ಟ ಪಟ್ಟವರು ಇದ್ದಾರೆ. ಆದರೆ ನಾನು ಕಂಡ ಆಡಿಟ್ ಆಕ್ಷೇಪಣೆಗಳಲ್ಲಿ ಹೆಚ್ಚಿನವು ಹಣ ತಿಂದಿದ್ದಕ್ಕೆ ಬಂದವಲ್ಲ, ಕಾಗದ ಇಲ್ಲದ್ದಕ್ಕೆ ಬಂದವು. ಪ್ರಾಮಾಣಿಕರು ‘ನನ್ನ ಮನಸ್ಸು ಶುದ್ಧ, ಕಾಗದ ಯಾಕೆ’ ಎಂದುಕೊಂಡುಬಿಡುತ್ತಾರೆ. ಇಪ್ಪತ್ತು ವರ್ಷದ ಮೇಲೆ ಫೈಲು ತೆರೆಯುವವರಿಗೆ ನಿಮ್ಮ ಮನಸ್ಸು ಕಾಣುವುದಿಲ್ಲ, ಕಾಗದವೇ ಕಾಣುವುದು.

ಮೊದಲು ಆ ಹುಡುಗನ ವಿಷಯ. ಪ್ರಾಜೆಕ್ಟ್‌ನ ಜೆಆರ್‌ಎಫ್‌ಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಮನೆಬಾಡಿಗೆ ಭತ್ಯೆ ಬೇರೆ. ಅದನ್ನು ನಂಬಿ ಒಂದು ಮನೆಯೇ ಇರಬಹುದು. ಉಪಕರಣ ಒಂದು ತಿಂಗಳು ತಡವಾದರೆ ಯಾರಿಗೂ ಹಸಿವಾಗುವುದಿಲ್ಲ. ಹಾಗಾಗಿ ನಾಳೆಯೇ ಹಣಕಾಸು ಅಧಿಕಾರಿಗೆ ಒಂದು ಪುಟದ ಟಿಪ್ಪಣಿ ಕೊಡಿ: ಮಂಜೂರಾತಿ ಆದೇಶದ ಸಂಖ್ಯೆ, ಮಾನವ ಸಂಪನ್ಮೂಲದ ಬಾಬ್ತಿನಲ್ಲಿ (ಸಂಬಳಕ್ಕೆಂದು ಇಟ್ಟ ಹಣದಲ್ಲಿ) ಉಳಿದಿರುವ ಮೊತ್ತ, ಹುಡುಗನ ನೇಮಕಾತಿ ಆದೇಶ, ಹಾಜರಾತಿ. ಅನುದಾನದ ಕಂತೇ ಬಂದಿಲ್ಲದಿದ್ದರೆ, ಬರುವ ತನಕ ವಿಶ್ವವಿದ್ಯಾಲಯದ ನಿಧಿಯಿಂದ ಮುಂಗಡ ಕೊಟ್ಟು ಆಮೇಲೆ ಹೊಂದಿಸಿಕೊಳ್ಳಿ ಎಂದು ಲಿಖಿತವಾಗಿ ಕೋರಿ. ನಿಮ್ಮ ಜೇಬಿನಿಂದ ಕೊಟ್ಟು ಸುಮ್ಮನಾಗಬೇಡಿ. ಕರುಣೆಯೇನೋ ಸರಿ, ಲೆಕ್ಕದಲ್ಲಿ ಮಾತ್ರ ಅದು ಗೋಜಲಾಗುತ್ತದೆ.

ಕಂತು ತಡವಾಗುವುದಕ್ಕೆ ಒಂದು ಕಾರಣ ನಮ್ಮ ಕೈಯಲ್ಲೇ ಇರುತ್ತದೆ. ಮುಂದಿನ ವರ್ಷದ ಹಣ ಬರಬೇಕಾದರೆ ಈ ವರ್ಷದ ಯುಸಿ (ಹಣವನ್ನು ಕೊಟ್ಟ ಉದ್ದೇಶಕ್ಕೇ ಬಳಸಿದ್ದೇವೆ ಎಂಬ ಬಳಕೆ ಪ್ರಮಾಣಪತ್ರ) ಮತ್ತು ಖರ್ಚಿನ ವಿವರಪಟ್ಟಿ ಹೋಗಬೇಕು. ಕೇಂದ್ರದ ಸಾಮಾನ್ಯ ಹಣಕಾಸು ನಿಯಮ 2017ರಲ್ಲಿ ಯುಸಿಗೆ ಹಣಕಾಸು ವರ್ಷ ಮುಗಿದ ಮೇಲೆ ಹನ್ನೆರಡು ತಿಂಗಳ ಗಡುವಿದೆ. ಆ ಗಡುವನ್ನು ನಂಬಿ ಕೂತರೆ ನಿಮ್ಮ ಹುಡುಗ ಹನ್ನೆರಡು ತಿಂಗಳು ಕಾಯಬೇಕಾಗುತ್ತದೆ. ಏಪ್ರಿಲ್‌ನಲ್ಲೇ ಕಳುಹಿಸಿ.

ಈಗ ಉಪಕರಣ. ಹಣ ಎರಡು ಪಾಲಾಗಿ ಬಂದಿರುತ್ತದೆ: ಅನಾವರ್ತಕ (ಉಪಕರಣದಂತೆ ಒಮ್ಮೆ ಮಾತ್ರ ಬೀಳುವ ಖರ್ಚು), ಆವರ್ತಕ (ಸಂಬಳ, ರಾಸಾಯನಿಕ, ಪ್ರಯಾಣದಂತೆ ಮತ್ತೆ ಮತ್ತೆ ಬೀಳುವ ಖರ್ಚು). ಒಂದರಲ್ಲಿ ಮಿಕ್ಕಿತು ಎಂದು ಇನ್ನೊಂದಕ್ಕೆ ಹಾಕುವಂತಿಲ್ಲ. ಹಣ ಕೊಟ್ಟವರ ಒಪ್ಪಿಗೆ ಮೊದಲೇ ಬೇಕು.

ನಿಮ್ಮ ಫೈಲು ಅಲೆಯುವುದಕ್ಕೆ ಬಹುಶಃ ಇದೇ ಕಾರಣ: ಹಣ ಕೇಂದ್ರದ್ದು, ವಿಶ್ವವಿದ್ಯಾಲಯ ರಾಜ್ಯದ್ದು. ಮಂಜೂರಾತಿ ಆದೇಶ ಕೇಂದ್ರದ ನಿಯಮ ಹೇಳುತ್ತದೆ; ಕಚೇರಿಯವರು 1999ರ ಕೆಟಿಪಿಪಿ ಕಾಯ್ದೆ (ರಾಜ್ಯದ ಸಾರ್ವಜನಿಕ ಖರೀದಿಯ ಪಾರದರ್ಶಕತೆ ಕಾಯ್ದೆ) ಮುಂದಿಡುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನಿಮ್ಮ ಮೊತ್ತಕ್ಕೆ ಯಾವ ವಿಧಾನ, ಜೆಮ್ ಪೋರ್ಟಲ್ಲೋ (ಸರ್ಕಾರಿ ಆನ್‌ಲೈನ್ ಮಾರುಕಟ್ಟೆ) ಕೊಟೇಶನ್ನೋ ಟೆಂಡರೋ ಎಂದು ಹಣಕಾಸು ಅಧಿಕಾರಿಯಿಂದ ನೋಟ್‌ಶೀಟಿನಲ್ಲೇ ಬರೆಸಿಕೊಳ್ಳಿ. ಬಾಯಿಮಾತು ಬೇಡ.

ತಾಂತ್ರಿಕ ವಿವರಣೆ ಬರೆಯುವಾಗ ಎಚ್ಚರ. ಯುವಿ-ವಿಸಿಬಲ್ ಸ್ಪೆಕ್ಟ್ರೋಫೋಟೋಮೀಟರ್ (ದ್ರಾವಣ ಎಷ್ಟು ಬೆಳಕು ಹೀರುತ್ತದೆ ಎಂದು ಅಳೆಯುವ ಉಪಕರಣ) ಬೇಕು ಎಂದಿದ್ದೀರಿ. ಒಂದು ಕಂಪನಿಯ ಕೈಪಿಡಿಯನ್ನು ಎದುರಿಗಿಟ್ಟು ನಕಲು ಮಾಡಿದರೆ ಇನ್ನೊಬ್ಬರು ಸ್ಪರ್ಧೆಗೇ ಇಳಿಯಲಾರರು; ಆಕ್ಷೇಪಣೆ ಬರುವುದು ಅಲ್ಲೇ. ನಿಮ್ಮ ಕೆಲಸಕ್ಕೆ ಬೇಕಾದ ತರಂಗಾಂತರ 190ರಿಂದ 1100 ನ್ಯಾನೋಮೀಟರ್ ಎಂದು ಬರೆದು, ಅಷ್ಟು ಯಾಕೆ ಬೇಕು ಎಂದು ಒಂದು ವಾಕ್ಯ ಸೇರಿಸಿ. ಯುಪಿಎಸ್, ಅಳವಡಿಕೆ, ತರಬೇತಿ, ವಾರಂಟಿ, ಜಿಎಸ್‌ಟಿ ಇವನ್ನು ಬೆಲೆಯೊಳಗೇ ಕೇಳಿ. ಆಮೇಲೆ ಹೊಳೆದದ್ದಕ್ಕೆ ಹಣ ಇರುವುದಿಲ್ಲ.

ಉಪಕರಣ ಬಂದ ದಿನವೇ ಸ್ಟಾಕ್ ರಿಜಿಸ್ಟರಿನಲ್ಲಿ (ದಾಸ್ತಾನು ಪುಸ್ತಕ) ಏರಿಸಿ, ಆ ಪುಟಸಂಖ್ಯೆಯನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆದು ಸಹಿ ಹಾಕಿ. ಮಂಜೂರಾತಿ ಆದೇಶ, ಖರೀದಿ ಸಮಿತಿಯ ನಡವಳಿ, ಬಿಲ್ಲು, ಹಣ ಪಾವತಿಯ ದಾಖಲೆ ಒಂದೇ ಫೈಲಿನಲ್ಲಿ ಒಂದರ ಹಿಂದೆ ಒಂದು ಇರಲಿ. ಒಂದು ಪ್ರತಿ ನಿಮ್ಮ ಬಳಿಯೂ ಇರಲಿ. ಅನುದಾನ ಬ್ಯಾಂಕ್ ಖಾತೆಯಲ್ಲಿ ಇದ್ದಷ್ಟು ದಿನ ಬಡ್ಡಿ ಬಂದಿದ್ದರೆ ಅದು ನಿಮ್ಮದೂ ಅಲ್ಲ, ವಿಶ್ವವಿದ್ಯಾಲಯದ್ದೂ ಅಲ್ಲ. ಕೇಂದ್ರದ ಸಂಚಿತ ನಿಧಿಗೆ ಹಿಂದಿರುಗಿಸಬೇಕು. ಇದನ್ನು ಮರೆತು ಪೇಚಿಗೆ ಸಿಕ್ಕವರು ಬಹಳ.

ಮತ್ತೆ, ಲೆಕ್ಕಪತ್ರ ಶಾಖೆಯ ಕೇಸ್ ವರ್ಕರ್ ನಿಮ್ಮ ವೈರಿಯಲ್ಲ. ಅವರ ಸಹಿಗೂ ನಿಮ್ಮ ಸಹಿಯಷ್ಟೇ ಹೊಣೆ ಇದೆ. ಮಾರ್ಚ್ ತಿಂಗಳು ಬಿಟ್ಟು ಬೇರೆ ದಿನ ಹೋಗಿ, ಕುಳಿತು, ‘ಈ ಫೈಲಿಗೆ ಇನ್ನೇನು ಬೇಕು ಸರ್’ ಎಂದು ಕೇಳಿ. ಪ್ರಾಧ್ಯಾಪಕರು ಬಂದು ಹಾಗೆ ಕೇಳುವುದು ಅಪರೂಪ.

ಪ್ರಶ್ನೆ: ನಾನು ಸಂಶೋಧನಾ ವಿದ್ಯಾರ್ಥಿನಿ. ನಡೆಯದ ಪ್ರವಾಸವೊಂದರ ಟ್ಯಾಕ್ಸಿ ಬಿಲ್ಲಿಗೆ ಸಹಿ ಮಾಡು ಎಂದು ಗೈಡ್ ಹೇಳುತ್ತಿದ್ದಾರೆ. ‘ಎಲ್ಲರೂ ಮಾಡುತ್ತಾರೆ, ಉಳಿದ ಹಣ ಲ್ಯಾಪ್ಸ್ ಆಗಬಾರದು’ ಎನ್ನುತ್ತಾರೆ. ಒಪ್ಪದಿದ್ದರೆ ನನ್ನ ಪಿಎಚ್‌.ಡಿ. ಗತಿ ಏನು?

ಉತ್ತರ: ನಿಮ್ಮ ಹೆದರಿಕೆ ನ್ಯಾಯವಾದದ್ದು. ಗೈಡ್ ಕೈಯಲ್ಲಿ ನಿಮ್ಮ ವರ್ಷಗಳಿವೆ. ಆದರೂ ಸಹಿ ಮಾಡಬೇಡಿ ಮಗಳೇ. ಆ ಕಾಗದದಲ್ಲಿ ನಾಳೆ ಉಳಿಯುವುದು ನಿಮ್ಮ ಹೆಸರು.

ಜಗಳ ಬೇಡ. ‘ಸರ್, ನಾನು ಹೋಗದ ಪ್ರಯಾಣಕ್ಕೆ ಸಹಿ ಮಾಡಲು ಭಯವಾಗುತ್ತದೆ’ ಎಂದು ಮೆಲ್ಲಗೆ ಹೇಳಿ. ಹಣ ಉಳಿದಿದ್ದರೆ ಅದಕ್ಕೆ ನೇರ ದಾರಿಗಳಿವೆ: ಮುಂದಿನ ವರ್ಷಕ್ಕೆ ಒಯ್ಯಲು ಅನುಮತಿ ಕೇಳುವುದು, ಬಾಬ್ತು ಬದಲಿಸಲು ಅನುಮತಿ ಕೇಳುವುದು, ಇಲ್ಲವೇ ಹಿಂದಿರುಗಿಸುವುದು. ಈ ಪತ್ರ ಬರೆಯಲು ನಾನು ಸಹಾಯ ಮಾಡುತ್ತೇನೆ ಎಂದು ನೀವೇ ಮುಂದೆ ಬನ್ನಿ. ಅನೇಕ ಸಲ ವಿಷಯ ಅಲ್ಲಿಗೇ ಮುಗಿಯುತ್ತದೆ. ಒತ್ತಾಯ ಮುಂದುವರಿದರೆ ನಡೆದದ್ದನ್ನು ದಿನಾಂಕ ಸಮೇತ ಬರೆದಿಟ್ಟುಕೊಂಡು, ನೀವು ನಂಬುವ ಇನ್ನೊಬ್ಬ ಅಧ್ಯಾಪಕರನ್ನು ಜೊತೆಗೆ ಕರೆದುಕೊಂಡು ವಿಭಾಗದ ಮುಖ್ಯಸ್ಥರನ್ನು ಕಾಣಿ. ಒಬ್ಬರೇ ಹೋಗಬೇಡಿ. ಅಲ್ಲಿಯೂ ಆಗದಿದ್ದರೆ ಕುಲಸಚಿವರಿಗೆ ಬರೆದು ಕೊಡಿ, ಗೈಡ್ ಬದಲಾವಣೆಯನ್ನೂ ಕೇಳಬಹುದು.

ಪ್ರಶ್ನೆ: ವಿದೇಶದ ಸಹ-ಸಂಶೋಧಕರು ನಮ್ಮ ಜಂಟಿ ಕೆಲಸಕ್ಕೆ ಸ್ವಲ್ಪ ಹಣವನ್ನು ನನ್ನ ಉಳಿತಾಯ ಖಾತೆಗೇ ಕಳುಹಿಸುತ್ತಾರಂತೆ. ತಪ್ಪೇ? ನಮ್ಮದು ಟ್ರಸ್ಟ್ ನಡೆಸುವ ಕಾಲೇಜು.

ಉತ್ತರ: ದಯವಿಟ್ಟು ಹಾಗೆ ತರಿಸಿಕೊಳ್ಳಬೇಡಿ. ಸಂಸ್ಥೆಯ ಕೆಲಸಕ್ಕೆ ಬರುವ ಹಣ ಸಂಸ್ಥೆಗೇ ಬರಬೇಕು. 2010ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಪ್ರಕಾರ ನಿಮ್ಮ ಟ್ರಸ್ಟಿಗೆ ನೋಂದಣಿ ಅಥವಾ ಪೂರ್ವಾನುಮತಿ ಇರಬೇಕು. 2020ರ ತಿದ್ದುಪಡಿಯ ನಂತರ ಇಂಥ ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ನಿಗದಿತ ಖಾತೆಗೇ ಬೀಳಬೇಕು. ಟ್ರಸ್ಟಿನ ಲೆಕ್ಕಪರಿಶೋಧಕರನ್ನು ಕೇಳಿ. ಅಲ್ಲಿಯವರೆಗೆ ಸಹ-ಸಂಶೋಧಕರಿಗೆ ತಾಳಿ ಎನ್ನಿ.

ಪ್ರಶ್ನೆ: ಬೆಳಗಾವಿ ಕಡೆಯ ಕಾಲೇಜಿನ ಸಂಶೋಧನಾ ಘಟಕದ ಹೊಣೆ ನನಗೆ ಕೊಟ್ಟಿದ್ದಾರೆ. ಪ್ರತಿ ವರ್ಷ ‘ಪ್ರಪೋಸಲ್ ಬರೆಯುವುದು ಹೇಗೆ’ ಎಂದು ಕಾರ್ಯಾಗಾರ ಮಾಡುತ್ತೇವೆ. ಭಾಷಣ, ಊಟ, ಪ್ರಮಾಣಪತ್ರ ಎಲ್ಲ ಆಗುತ್ತದೆ. ಅರ್ಜಿ ಮಾತ್ರ ಒಂದೂ ಹೋಗುವುದಿಲ್ಲ.

ಉತ್ತರ: ಬೇಸರ ಸಹಜ, ಆದರೆ ಜನ ಆಸಕ್ತಿಯಿಲ್ಲದವರು ಎಂದುಕೊಳ್ಳಬೇಡಿ. ಕೇಳಿಸಿಕೊಂಡು ಕಲಿಯುವ ವಿದ್ಯೆ ಇದಲ್ಲ. ಈಜು ಕಲಿಯುವವರು ನೀರಿಗೆ ಇಳಿಯಲೇಬೇಕಲ್ಲ.

ನೂರು ಜನರ ಸಭಾಂಗಣ ಬಿಟ್ಟು ಎಂಟು-ಹತ್ತು ಮಂದಿಯನ್ನು ಸೇರಿಸಿ. ತಮ್ಮ ವಿಚಾರವನ್ನು ಒಂದು ಪುಟದಲ್ಲಿ ಬರೆದು ತಂದವರಿಗೆ ಮಾತ್ರ ಪ್ರವೇಶ. ಎರಡು ವಾರಕ್ಕೊಮ್ಮೆ ಕೂರಿಸಿ, ಒಂದು ಸೆಮಿಸ್ಟರ್ ಪೂರ್ತಿ. ನಡುವೆ ಒಂದು ದಿನ ಅವರನ್ನೇ ತಜ್ಞರ ಸಮಿತಿಯಾಗಿ ಕೂರಿಸಿ, ಒಬ್ಬರ ಅರ್ಜಿಯನ್ನು ಇನ್ನೊಬ್ಬರು ಓದಿ ಅಂಕ ಕೊಡಲಿ. ಹತ್ತು ಅರ್ಜಿಗಳಲ್ಲಿ ಮೂರಕ್ಕೆ ಮಾತ್ರ ಹಣ ಎಂದಾಗ ತಾವು ಯಾಕೆ ಕೆಲವನ್ನು ಕೆಳಗಿಟ್ಟೆವು ಎಂಬುದು ಅವರಿಗೆ ಗೊತ್ತಾಗುತ್ತದೆ. ಎಷ್ಟು ಉಪನ್ಯಾಸ ಕೊಟ್ಟರೂ ಇದು ತಲೆಗೆ ಹೋಗುವುದಿಲ್ಲ.

ಎಲ್ಲರಿಗೂ ಒಂದೇ ಬಾಗಿಲು ತೋರಿಸಬೇಡಿ. ಎಎನ್‌ಆರ್‌ಎಫ್‌ನ ಪೇರ್ ಯೋಜನೆಯಲ್ಲಿ ಮುಂದಿರುವ ಸಂಸ್ಥೆಯೊಂದು ಕೇಂದ್ರವಾಗಿ ನಿಂತು ಇತರ ವಿಶ್ವವಿದ್ಯಾಲಯಗಳನ್ನು ಜೊತೆಗೆ ಕರೆದೊಯ್ಯುತ್ತದೆ. ಮಹಿಳಾ ವಿಜ್ಞಾನಿಗಳಿಗೆ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್-ಕಿರಣ್ ಇದೆ. ಆರೋಗ್ಯ ಮತ್ತು ಜೀವವಿಜ್ಞಾನದವರಿಗೆ ಇಂಡಿಯಾ ಅಲೈಯನ್ಸ್ ಇದೆ. ಅದು 2018ರಲ್ಲಿ ಸಂಶೋಧನಾ ನಿರ್ವಹಣೆಗೆಂದೇ (ಅರ್ಜಿಯಿಂದ ಲೆಕ್ಕ ಒಪ್ಪಿಸುವವರೆಗಿನ ಕೆಲಸ) ಒಂದು ಉಪಕ್ರಮ ಆರಂಭಿಸಿತು. ಅಂಥ ಕೆಲಸಕ್ಕೆ ಪ್ರತ್ಯೇಕವಾಗಿ ತರಬೇತಾದ ಸಿಬ್ಬಂದಿ ನಮ್ಮ ಕಾಲೇಜುಗಳಲ್ಲಿ ಬೇಕೇ ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಧ್ಯಾಪಕರೊಬ್ಬರೇ ಪಾಠ, ಪ್ರಯೋಗ, ಟೆಂಡರು, ಯುಸಿ ಎಲ್ಲ ಹೊರಬೇಕೆನ್ನುವುದು ಅನ್ಯಾಯ.

ಈಗಲೇ ಮಾಡಬಹುದಾದದ್ದು ಒಂದಿದೆ. ಮೊದಲ ತರಗತಿಗೆ ಹೊರಗಿನ ಅತಿಥಿ ಬೇಡ. ನಿಮ್ಮದೇ ಕಾಲೇಜಿನ ಲೆಕ್ಕಪತ್ರ ಶಾಖೆಯ ಸೂಪರಿಂಟೆಂಡೆಂಟ್‌ರನ್ನು ಕರೆಯಿರಿ, ಮುಗಿದ ಪ್ರಾಜೆಕ್ಟ್ ಒಂದರ ಫೈಲು ತರಲು ಹೇಳಿ. ಪುಟ ತಿರುವುತ್ತ ಯಾವ ಕಾಗದ ಯಾಕೆ ಇದೆ ಎಂದು ಅವರು ಹೇಳಲಿ. ಹೊರಗಿನವರಿಗೆ ಕೊಡುವಷ್ಟೇ ಗೌರವಧನವನ್ನು ಅವರಿಗೂ ಕೊಡಿ.