ರಕ್ತವೂ ನಿರ್ನಾಳ ಗ್ರಂಥಿಗಳೂ

ರಕ್ತವೆಂದೊಡನೆ ಕೆಂಪು ಬಣ್ಣವೇ ನೆನಪಿಗೆ ಬರುವುದು ಸಹಜ. ಆದರೆ ಹೆಪ್ಪುಗಟ್ಟದಂತೆ ಮಾಡಿದ ರಕ್ತವನ್ನು ಗಾಜಿನ ನಳಿಕೆಯಲ್ಲಿ ಕೆಲಕಾಲ ಅಲುಗಿಸದೆ ಇಟ್ಟರೆ ಮೇಲ್ಭಾಗದಲ್ಲಿ ತಿಳಿಹಳದಿಯ ದ್ರವವೊಂದು ನಿಲ್ಲುತ್ತದೆ. ಇದೇ ಪ್ಲಾಸ್ಮಾ. ರಕ್ತದ ಗಾತ್ರದಲ್ಲಿ ನೂರಕ್ಕೆ ಸುಮಾರು 55 ಭಾಗ ಇದರದು. ಉಳಿದ ಭಾಗವೆಲ್ಲ ಕಣಗಳು: ಆಮ್ಲಜನಕವನ್ನು ಹೊರುವ ಕೆಂಪು ಕಣಗಳು, ರೋಗಾಣುಗಳನ್ನೆದುರಿಸುವ ಬಿಳಿಯ ಕಣಗಳು, ಗಾಯದ ಬಾಯಿಯನ್ನು ಮುಚ್ಚುವ ಪ್ಲೇಟ್‌ಲೆಟ್‌ಗಳು. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರು ರಕ್ತವಿರುತ್ತದೆ.

ಶಾಲೆಯ ಪಠ್ಯಗಳಲ್ಲಿ ರಕ್ತಕ್ಕೆ ಒಂದು ಪಾಠ, ಗ್ರಂಥಿಗಳಿಗೆ ಇನ್ನೊಂದು ಪಾಠ. ಶರೀರಕ್ಕಾದರೋ ಈ ವಿಭಜನೆ ತಿಳಿಯದು. ಜೊಲ್ಲಿನ ಗ್ರಂಥಿಗೆ ತನ್ನ ರಸವನ್ನು ಬಾಯಿಗೆ ಸಾಗಿಸಲು ನಾಳವುಂಟು. ಪಿಟ್ಯುಟರಿ, ಥೈರಾಯಿಡ್, ಅಡ್ರಿನಲ್ ಮೊದಲಾದ ಗ್ರಂಥಿಗಳಿಗೆ ಅದಿಲ್ಲ. ಆದ್ದರಿಂದಲೇ ಅವು ನಿರ್ನಾಳ ಗ್ರಂಥಿಗಳು. ಅವುಗಳ ರಸವಾದ ಹಾರ್ಮೋನು ನೇರವಾಗಿ ರಕ್ತವನ್ನು ಸೇರಿ, ಅದರೊಡನೆಯೇ ದೂರದ ಅಂಗಗಳನ್ನು ಮುಟ್ಟುತ್ತದೆ. ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಬೆಟ್ಟವನ್ನೇರುವವನು ಕಡಿದಾದ ಬಂಡೆಯ ಮೇಲೆ ಕಾಲು ಜಾರಿದಂತಾಗಿ ಒಮ್ಮೆಲೇ ಬೆಚ್ಚಿದನೆನ್ನೋಣ. ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ರಸವನ್ನು ರಕ್ತಕ್ಕೆ ಬಿಡುತ್ತವೆ. ಕ್ಷಣಮಾತ್ರದಲ್ಲಿ ಎದೆಬಡಿತ ಏರುತ್ತದೆ, ಯಕೃತ್ತಿನಲ್ಲಿ ಶೇಖರವಾಗಿದ್ದ ಸಕ್ಕರೆ ರಕ್ತಕ್ಕಿಳಿಯುತ್ತದೆ. ಉಂಡ ಮುದ್ದೆಯಿಂದ ಬಂದ ಸಕ್ಕರೆಯನ್ನು ಜೀವಕೋಶಗಳಿಗೆ ಸೇರಿಸುವ ಇನ್ಸುಲಿನ್ ಮೇದೋಜೀರಕಾಂಗದ್ದು. ಥೈರಾಯಿಡ್ ಗ್ರಂಥಿಗೆ ಅಯೋಡಿನ್ ಸಾಲದಾದರೆ ಕೊರಳು ಊದಿಕೊಳ್ಳುತ್ತದೆ. ಮಲೆನಾಡಿಗೆ ಪರಿಚಿತವಾದ ಈ ಗಳಗಂಡರೋಗದ ನಿಯಂತ್ರಣಕ್ಕೆ ಭಾರತ ಸರ್ಕಾರವು ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿದ್ದು 1962ರಲ್ಲಿ.

ಹಾರ್ಮೋನು ರಕ್ತದಲ್ಲಿ ಪಯಣಿಸುವುದಷ್ಟೇ ಅಲ್ಲ, ರಕ್ತವನ್ನು ಹುಟ್ಟಿಸುವುದೂ ಉಂಟು. ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಮುಪ್ಪಾದ ಕಣಗಳ ಸ್ಥಾನವನ್ನು ತುಂಬಲು ಎಲುಬಿನ ಮಜ್ಜೆಯು ಸೆಕೆಂಡಿಗೆ 20 ಲಕ್ಷದಷ್ಟು ಹೊಸ ಕಣಗಳನ್ನು ಸಿದ್ಧಪಡಿಸುತ್ತದೆ. ಈ ಕೆಲಸದ ವೇಗವನ್ನು ನಿರ್ಧರಿಸುವುದು ಮೂತ್ರಪಿಂಡಗಳು ಎಂಬುದು ಅನೇಕರಿಗೆ ಆಶ್ಚರ್ಯವೆನಿಸೀತು. ತಮ್ಮನ್ನು ತಲುಪುವ ಆಮ್ಲಜನಕ ಕಡಿಮೆಯಾಯಿತೆಂದರೆ ಅವು ಎರಿತ್ರೋಪೊಯಿಟಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸಿ ಮಜ್ಜೆಯನ್ನು ಚುರುಕುಗೊಳಿಸುತ್ತವೆ. ಮೂತ್ರಪಿಂಡ ಕೆಟ್ಟ ರೋಗಿಗಳು ಬಿಳಿಚಿಕೊಳ್ಳುವುದಕ್ಕೆ ಮುಖ್ಯ ಕಾರಣ ಇದೇ. ಆದರೆ ಕಬ್ಬಿಣದ ಅಂಶವೇ ಇಲ್ಲದಿದ್ದರೆ ಎಷ್ಟು ಚುರುಕುಗೊಳಿಸಿದರೂ ಪ್ರಯೋಜನವಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಅರ್ಧಕ್ಕೆ ಸಮೀಪ ಮಂದಿಗೆ ರಕ್ತಹೀನತೆ ಕಂಡುಬಂದಿತು. ತರಗತಿಯಲ್ಲಿ ತೂಕಡಿಸುವ ಬಾಲಕಿಯನ್ನು ಸೋಮಾರಿಯೆಂದು ಗದರುವ ಮುನ್ನ ಅಧ್ಯಾಪಕರು ಅವಳ ಕಣ್ಣಿನ ಕೆಳರೆಪ್ಪೆಯ ಒಳಬಣ್ಣವನ್ನು ನೋಡುವುದು ಒಳ್ಳೆಯದು. ಸೊಪ್ಪು, ಕಾಳುಗಳೊಡನೆ ನಿಂಬೆಯೋ ನೆಲ್ಲಿಯೋ ಇದ್ದರೆ ಕಬ್ಬಿಣ ಚೆನ್ನಾಗಿ ಮೈಗೂಡುತ್ತದೆ. ಊಟವಾದೊಡನೆ ಕುಡಿಯುವ ಚಹಾ ಅದಕ್ಕೆ ಅಡ್ಡಿ.

ರಕ್ತದಾನದಿಂದ ನಿಶ್ಶಕ್ತಿಯುಂಟಾಗುವುದೆಂಬ ಭಯಕ್ಕೂ ಮೇಲಿನ ವಿವರದಲ್ಲಿಯೇ ಉತ್ತರವಿದೆ. ಒಮ್ಮೆಗೆ ತೆಗೆಯುವುದು 350 ಅಥವಾ 450 ಮಿಲಿಲೀಟರು. ಇದರಲ್ಲಿಯ ದ್ರವಭಾಗ ಒಂದೆರಡು ದಿನಗಳಲ್ಲಿ ತುಂಬಿಕೊಳ್ಳುತ್ತದೆ. ಕಣಗಳು ಮೊದಲಿನಂತಾಗಲು ಕೆಲವು ವಾರಗಳು ಬೇಕು. ಇದಕ್ಕಾಗಿಯೇ ಪುರುಷರು 90 ದಿನ, ಸ್ತ್ರೀಯರು 120 ದಿನ ಕಳೆಯುವವರೆಗೆ ಮತ್ತೆ ರಕ್ತ ಕೊಡಬಾರದೆಂಬ ನಿಯಮವಿದೆ. ದಾನಿಯ ಹಿಮೋಗ್ಲೋಬಿನ್ ಪ್ರಮಾಣ 12.5 ಗ್ರಾಂಗಿಂತ ಕಡಿಮೆಯಿರಕೂಡದು.

ಇನ್ನು ಗುಂಪುಗಳ ಮಾತು. 1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಗುರುತಿಸಿದರು; ಅದಕ್ಕಾಗಿ 1930ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಎ, ಬಿ, ಎಬಿ, ಒ ಮತ್ತು ಆರ್‌ಎಚ್ ಗೊತ್ತಾದರೆ ಎಲ್ಲವೂ ಗೊತ್ತಾಯಿತೆಂಬ ಭಾವನೆ ಇಂದಿಗೂ ಬಳಕೆಯಲ್ಲಿದೆ. ಅದು ಪೂರ್ಣ ಸತ್ಯವಲ್ಲ. 1952ರಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ಮುಂಬಯಿಯಲ್ಲಿ ಕಂಡುಹಿಡಿದ ‘ಬಾಂಬೆ ಗುಂಪು’ ಮೇಲುನೋಟಕ್ಕೆ ಒ ಗುಂಪಿನಂತೆಯೇ ತೋರುತ್ತದೆ. ಆದರೆ ಆ ಗುಂಪಿನವರಿಗೆ ಒ ರಕ್ತ ಕೊಟ್ಟರೆ ಪ್ರಾಣಕ್ಕೇ ಅಪಾಯ.

ಇದಕ್ಕಿಂತಲೂ ಅಪರೂಪದ ಪ್ರಸಂಗವೊಂದು ಹೊಸಕೋಟೆಗೆ ನೆರೆಯ ಕೋಲಾರದಲ್ಲಿಯೇ ಒದಗಿತು. ಹೃದಯದ ಶಸ್ತ್ರಚಿಕಿತ್ಸೆಗೆ ಬಂದ ಮಹಿಳೆಯೊಬ್ಬರ ಗುಂಪು ಒ ಪಾಸಿಟಿವ್. ಸಾಧಾರಣವಾಗಿ ಸುಲಭವಾಗಿ ಸಿಗುವ ಗುಂಪು. ಆದರೂ ಯಾವ ದಾನಿಯ ರಕ್ತವೂ ಅವರ ರಕ್ತಕ್ಕೆ ಹೊಂದಲಿಲ್ಲ. ಬೆಂಗಳೂರಿನ ರೋಟರಿ–ಟಿಟಿಕೆ ರಕ್ತಕೇಂದ್ರದ ಪ್ರಯೋಗಶಾಲೆಯವರು ಬಂಧುಗಳಲ್ಲಿ 20 ಮಂದಿಯ ರಕ್ತವನ್ನು ಪರೀಕ್ಷಿಸಿದರು, ಒಬ್ಬರದೂ ಸರಿಹೊಂದಲಿಲ್ಲ. ಕೊನೆಗೆ ವೈದ್ಯರು ಹೊರಗಿನ ಒಂದು ಹನಿ ರಕ್ತವನ್ನೂ ಕೊಡದೆ, ಅತ್ಯಂತ ಎಚ್ಚರಿಕೆಯಿಂದ ಶಸ್ತ್ರಚಿಕಿತ್ಸೆಯನ್ನು ನೆರವೇರಿಸಿದರು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಪ್ರಯೋಗಶಾಲೆಗೆ ಕಳುಹಿಸಿದ ಮಾದರಿಗಳ ಮೇಲೆ ಸುಮಾರು ಹತ್ತು ತಿಂಗಳ ಸಂಶೋಧನೆ ನಡೆಯಿತು. ಕ್ರೋಮರ್ ಎಂಬ ರಕ್ತವ್ಯವಸ್ಥೆಗೆ ಸೇರಿದ, ಅದುವರೆಗೆ ಜಗತ್ತಿಗೆ ತಿಳಿಯದಿದ್ದ ಪ್ರತಿಜನಕವೊಂದು ಇದರಿಂದ ಬೆಳಕಿಗೆ ಬಂದಿತು. 2025ರ ಜೂನ್‌ನಲ್ಲಿ ಇಟಲಿಯ ಮಿಲಾನ್ ನಗರದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅದರ ಹೆಸರು ಪ್ರಕಟವಾಯಿತು: ‘ಕ್ರಿಬ್’. ಮೊದಲ ಎರಡು ಅಕ್ಷರಗಳು ಕ್ರೋಮರ್‌ನವು, ಮೂರನೆಯದು ಇಂಡಿಯಾದ್ದು, ಕೊನೆಯದು ಬೆಂಗಳೂರಿನದು.