ಮನೆಯ ನೆಲವೂ ಮಕ್ಕಳ ಹೊಟ್ಟೆಯೂ

ಮಗುವಿಗೆ ಪದೇ ಪದೇ ಭೇದಿ, ಜಂತುಹುಳುವಿನ ಬಾಧೆ, ರಕ್ತಹೀನತೆ ಕಾಣಿಸಿಕೊಂಡರೆ ನಾವು ಊಟ, ನೀರುಗಳನ್ನು ಪರೀಕ್ಷಿಸುತ್ತೇವೆ. ಮನೆಯ ನೆಲವನ್ನು ನೋಡುವವರು ಕಡಿಮೆ.

ಗುರುವಾಯನಕೆರೆಯ ಆಸುಪಾಸಿನಲ್ಲೂ ಬೆಳ್ತಂಗಡಿ ತಾಲೂಕಿನ ಇತರ ಗ್ರಾಮಗಳಲ್ಲೂ ಸರಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡು, ಭೂಕಂದಾಯ ಕಾಯ್ದೆಯ 94-ಸಿ ಕಲಮಿನಡಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿ ಕಾದವರಿದ್ದಾರೆ. ಜಾಗ ಅರಣ್ಯದ ಪಟ್ಟಿಗೆ ಸೇರಿದ್ದರಂತೂ ಕಡತ ಮುಂದೆ ಸಾಗುವುದು ಕಷ್ಟ. ಯಾವಾಗ ಎಬ್ಬಿಸುತ್ತಾರೋ ಎಂಬ ಅಂಜಿಕೆಯಿಂದ ಇಂಥವರು ಮನೆಗೆ ಖರ್ಚು ಮಾಡುವುದಿಲ್ಲ. ಅಂಜಿಕೆ ಸಹಜವೇ. ಆದರೆ ಮಗು ಅಷ್ಟು ವರ್ಷ ಮಣ್ಣಿನ ಮೇಲೆಯೇ ಅಂಬೆಗಾಲಿಡುತ್ತದೆ.

ಸೆಗಣಿ ಸಾರಿಸಿದ ನೆಲ ಬೇಸಿಗೆಯಲ್ಲಿ ಚೆನ್ನ. ಆಟಿ ತಿಂಗಳಲ್ಲಿ ಅದು ಒಣಗುವುದೇ ಇಲ್ಲ. ಹೊರಗಿನಿಂದ ಕಾಲಿಗಂಟಿ ಬಂದ ಜಂತುಹುಳುವಿನ ಮೊಟ್ಟೆಗಳು ತೇವದ ಮಣ್ಣಿನಲ್ಲಿ ಬಹುಕಾಲ ಬದುಕಿದ್ದು ಮಗುವಿನ ಕೈಯಿಂದ ಬಾಯಿಗೆ ಹೋಗುತ್ತವೆ. ಕೊಕ್ಕೆಹುಳುವಿನ ಮರಿಗಳು ಬರಿಗಾಲಿನ ಚರ್ಮವನ್ನೇ ಕೊರೆದು ಒಳಸೇರಿ, ಕೊನೆಗೆ ಕರುಳಿನಲ್ಲಿ ನೆಲೆಸಿ ರಕ್ತ ಹೀರುತ್ತವೆ.

ಮೆಕ್ಸಿಕೊ ದೇಶದ ಒಂದು ರಾಜ್ಯದಲ್ಲಿ 2000ರಿಂದ ಬಡವರ ಮನೆಗಳ ಮಣ್ಣಿನ ನೆಲಕ್ಕೆ ಸರಕಾರವೇ ಕಾಂಕ್ರೀಟು ಒದಗಿಸಿತು. 2009ರಲ್ಲಿ ಪ್ರಕಟವಾದ ಅಧ್ಯಯನದ ಲೆಕ್ಕದಂತೆ, ಇಡೀ ಮನೆಯ ನೆಲ ಬದಲಾದಲ್ಲಿ ಮಕ್ಕಳ ಹೊಟ್ಟೆಹುಳುವಿನ ಬಾಧೆ ಶೇ. 78ರಷ್ಟು, ಭೇದಿ ಶೇ. 49ರಷ್ಟು, ರಕ್ತಹೀನತೆ ಶೇ. 81ರಷ್ಟು ಇಳಿಯಿತು. ನಮ್ಮಲ್ಲಿ ಅಷ್ಟೇ ಆದೀತೆಂದು ಹೇಳಲಾಗದು. ಶೌಚಾಲಯವಿಲ್ಲದೆ, ಅಂಗನವಾಡಿಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆ ನುಂಗಿಸದೆ, ಸಿಮೆಂಟು ಒಂದೇ ಏನು ಮಾಡೀತು?

ಕೈಯಲ್ಲಿ ಸ್ವಲ್ಪವೇ ಹಣವಿದ್ದರೆ ಎದುರುಗೋಡೆಯ ಬಣ್ಣ ಮುಂದಿನ ವರ್ಷಕ್ಕಿರಲಿ. ಮಕ್ಕಳು ಉಣ್ಣುವ, ಮಲಗುವ ಒಂದು ಕೋಣೆಯಿಂದ ಬೇಸಿಗೆಯಲ್ಲೇ ಆರಂಭಿಸಿ. ನೆಲ ಅಂಗಳಕ್ಕಿಂತ ಒಂದಡಿಯಾದರೂ ಎತ್ತರವಿರಲಿ. ಮಣ್ಣನ್ನು ಚೆನ್ನಾಗಿ ದಮ್ಮಸ್ಸು ಮಾಡಿ, ಮುರಕಲ್ಲಿನ ಚೂರು ಹಾಸಿ, ಅದರ ಮೇಲೆ ತೆಳ್ಳಗೆ ಮರಳು ಹರಡಿ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿರಿ. ಅನಂತರ ಮೂರು ಇಂಚು ಕಾಂಕ್ರೀಟು. ಹಾಳೆ ಇಲ್ಲದಿದ್ದರೆ ಮಳೆಗಾಲದಲ್ಲಿ ಕೆಳಗಿನ ತೇವ ಮೇಲಕ್ಕೇರುತ್ತದೆ. ಒಂದು ವಾರ ನೀರು ಹಾಕುತ್ತಿರಬೇಕು. ಅವಸರ ಮಾಡಿದರೆ ನೆಲ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ಮತ್ತೆ ಮಣ್ಣು ಕೂರುತ್ತದೆ.

ಇನ್ನು ಹೊಗೆ. ಗ್ಯಾಸ್ ಇದ್ದರೂ ಕುಚ್ಚಲಕ್ಕಿ ಬೇಯಿಸಲು, ಸ್ನಾನದ ನೀರು ಕಾಯಿಸಲು ಸೌದೆ ಉರಿಸುತ್ತೀರಲ್ಲವೇ? ಹಾಗಿದ್ದರೆ ಒಲೆಗೆ ಮಾಡಿನಿಂದ ಮೇಲೇರುವ ಹೊಗೆಕೊಳವೆ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆಯಲ್ಲಿ ಇದೇ ವ್ಯವಸ್ಥೆಯಿದೆ. ಜೊತೆಗೆ ಎದುರುಬದುರಾಗಿ ಎರಡು ಕಿಂಡಿಗಳಿರಲಿ. ಮನೆಯಲ್ಲಿ ಕ್ಷಯರೋಗಿ ಇದ್ದರೆ, ಔಷಧಿಯ ಜೊತೆಗೆ, ಈ ಗಾಳಿ ಉಳಿದವರಿಗೂ ರಕ್ಷಣೆ. ಸೊಳ್ಳೆಗಾಗಿ ಕಿಂಡಿ ಮುಚ್ಚದೆ ಬಲೆ ಹೊಡೆಯಿರಿ.

ನಿಮ್ಮ ಮನೆ ಹೀಗಿಲ್ಲದಿರಬಹುದು. ತೋಟದ ಕೆಲಸಕ್ಕೆ ಬರುವವರ ಮನೆಯ ನೆಲ ಹೇಗಿದೆಯೆಂದು ವಿಚಾರಿಸಿ. ನಿಮ್ಮ ಮನೆ ಕೆಲಸದಲ್ಲಿ ಮಿಕ್ಕ ಅರ್ಧ ಲೋಡು ಜಲ್ಲಿ ಅಂಗಳದ ಮೂಲೆಯಲ್ಲೇ ಬಿದ್ದಿದ್ದರೆ, ಒಂದು ಕೋಣೆಗೆ ಅದು ಸಾಕು.