ಅರ್ಧ ಹೀಮೋಗ್ಲೋಬಿನ್

ಆ ರಾತ್ರಿ ಹಾಸ್ಟೆಲ್ ಕೋಣೆಯಲ್ಲಿ ನಾನು ಕುಣಿಯುವುದೊಂದು ಬಾಕಿ. ಪರದೆಯ ಮೇಲೆ ಎರಡು ಪಟ್ಟಿಗಳಿದ್ದವು. ಆಮ್ಲಜನಕ ಬಿಟ್ಟುಕೊಟ್ಟ ಹೀಮೋಗ್ಲೋಬಿನ್‌ನಲ್ಲಿ ಯಾವ ಅಮೈನೋ ಆಮ್ಲ ಯಾವುದಕ್ಕೆ ತಾಗಿಕೊಂಡಿದೆ ಎಂಬುದು ಒಂದರಲ್ಲಿ, ಆಮ್ಲಜನಕ ಹಿಡಿದುಕೊಂಡ ಹೀಮೋಗ್ಲೋಬಿನ್‌ನದು ಇನ್ನೊಂದರಲ್ಲಿ. ಹೀಮೋಗ್ಲೋಬಿನ್ ಅಂದರೆ ಎರಡು ಆಲ್ಫಾ, ಎರಡು ಬೀಟಾ, ಒಟ್ಟು ಅಮೈನೋ ಆಮ್ಲಗಳ ನಾಲ್ಕು ಸರಪಳಿ. ಒಂದೊಂದು ಆಲ್ಫಾ ಒಂದೊಂದು ಬೀಟಾ ಸೇರಿ ಜೋಡಿ, ಅಂಥ ಎರಡು ಜೋಡಿ. ಈ ಜೋಡಿಗಳ ನಡುವಿನ ಕೀಲಿನಲ್ಲಿ ಮೊದಲ ಪಟ್ಟಿ ಸಾಕಷ್ಟು ನಂಟುಗಳನ್ನು ತೋರಿಸುತ್ತಿತ್ತು. ಎರಡನೆಯ ಪಟ್ಟಿಯಲ್ಲಿ ಅಲ್ಲಿ ಸೊನ್ನೆ. ಆಮ್ಲಜನಕ ಬಂದು ಕೂತೊಡನೆ ಅಣು ಎರಡು ಹೋಳಾಗಿ ಕಳಚಿಕೊಳ್ಳುತ್ತದೆ! ಮ್ಯಾಕ್ಸ್ ಪೆರುಟ್ಜ್ 1930ರ ದಶಕದಲ್ಲಿ ಕೈಗೆತ್ತಿಕೊಂಡು ಜೀವಮಾನವಿಡೀ ನೋಡಿದ ಅಣುವಿನಲ್ಲಿ ಅವರಿಗೆ ಕಾಣದ್ದು ನನಗೆ ಮೂರೇ ವಾರದಲ್ಲಿ ಕಂಡಿತ್ತು. ಇಷ್ಟು ಹೊತ್ತಿಗೇ ಅನುಮಾನ ಬರಬೇಕಿತ್ತು, ಬರಲಿಲ್ಲ.

ಮರುದಿನ ಮೀಟಿಂಗಿನಲ್ಲಿ ಸ್ಲೈಡು ತೋರಿಸಿದೆ. ನಮ್ಮ ಗೈಡ್ ಧಾರವಾಡದ ಕಡೆಯವರು. ಒಂದು ನಿಮಿಷ ಸುಮ್ಮನೆ ನೋಡಿ, 'ಇದು ಅರ್ಧಾ ಹೀಮೋಗ್ಲೋಬಿನ್ ಅದ. ಇನ್ನರ್ಧಾ ಎಲ್ಲಿಟ್ಟಿ?' ಅಂದರು.

ನಿಜಕ್ಕೂ ಅರ್ಧವೇ ಇತ್ತು. ಪ್ರೋಟೀನ್ ರಚನೆಗಳನ್ನು ಕೂಡಿಡುವ ಪ್ರೋಟೀನ್ ಡೇಟಾ ಬ್ಯಾಂಕ್ 1971ರಲ್ಲಿ ಏಳೇ ರಚನೆಗಳೊಂದಿಗೆ ಶುರುವಾದದ್ದು. ಈಗ ಎರಡು ಲಕ್ಷ ದಾಟಿದೆ. ನಾನು ಅಲ್ಲಿಂದ ಇಳಿಸಿಕೊಂಡ, ಆಮ್ಲಜನಕ ಇಲ್ಲದ ಹೀಮೋಗ್ಲೋಬಿನ್ನಿನ 4ಎಚ್‌ಎಚ್‌ಬಿ ಎಂಬ ಫೈಲಿನಲ್ಲಿ ನಾಲ್ಕೂ ಸರಪಳಿಗಳಿದ್ದವು, 574 ಅಮೈನೋ ಆಮ್ಲಗಳು. 1ಎಚ್‌ಎಚ್‌ಒ ಎಂಬ, ಆಮ್ಲಜನಕ ಹಿಡಿದದ್ದರ ಫೈಲಿನಲ್ಲಿ ಎರಡೇ, 287. ಈ ರಚನೆಗಳು ಪ್ರೋಟೀನನ್ನು ಹರಳುಗಟ್ಟಿಸಿ ಕಂಡುಕೊಂಡವು, ಎರಡನೆಯದರ ಹರಳಿನಲ್ಲಿ ಅಣುವಿನ ಒಂದು ಅರ್ಧವನ್ನು 180 ಡಿಗ್ರಿ ತಿರುಗಿಸಿದರೆ ಇನ್ನೊಂದು ಅರ್ಧ ತಾನಾಗಿ ಸಿಗುತ್ತದೆ. ಹಾಗಾಗಿ ಅರ್ಧ ಬರೆದಿಟ್ಟರೆ ಸಾಕು, ತಿರುಗಿಸುವ ಲೆಕ್ಕವನ್ನು ಫೈಲಿನ ತಲೆಯಲ್ಲೇ, ರಿಮಾರ್ಕ್ 350 ಎಂಬ ಸಾಲುಗಳಲ್ಲಿ ಕೊಟ್ಟಿರುತ್ತಾರೆ. ನನ್ನ ಪ್ರೋಗ್ರಾಮಿಗೆ ನಾನು ಹೇಳಿಕೊಟ್ಟ ಮೊದಲ ಬುದ್ಧಿಯೇ, 'ಆಟಮ್' ಎಂದು ಶುರುವಾಗದ ಸಾಲುಗಳನ್ನೆಲ್ಲ ಬಿಸಾಕು ಎಂದು. ಮದುವೆ ಕರೆಯೋಲೆಯಲ್ಲಿ ಛತ್ರದ ವಿಳಾಸ ಹರಿದುಹಾಕಿ ಊಟದ ಸಮಯ ಮಾತ್ರ ಇಟ್ಟುಕೊಂಡ ಹಾಗೆ.

ಅದೇ ಬುದ್ಧಿ ಇನ್ನೊಂದು ಅನಾಹುತ ಮಾಡಿತ್ತು, ಅದು ಗೊತ್ತಾದದ್ದು ಆಮೇಲೆ. ಅಮೈನೋ ಆಮ್ಲವಲ್ಲದ ಅಣುಗಳು ಫೈಲಿನಲ್ಲಿ 'ಹೆಟ್ ಆಟಮ್' ಎಂಬ ಬೇರೆ ಹೆಸರಿನ ಸಾಲುಗಳಲ್ಲಿರುತ್ತವೆ: ನೀರು, ಲವಣ, ಮತ್ತು ಹೀಮ್. ಕಬ್ಬಿಣ ಹೊತ್ತ, ಆಮ್ಲಜನಕ ಬಂದು ಕೂರುವ ಹೀಮನ್ನೇ ನಾನು ಕಸದ ಬುಟ್ಟಿಗೆ ಹಾಕಿದ್ದೆ. ಆಲ್ಫಾದಲ್ಲಿ 87ನೆಯ, ಬೀಟಾದಲ್ಲಿ 92ನೆಯ ಹಿಸ್ಟಿಡಿನ್ ಆ ಕಬ್ಬಿಣವನ್ನು ಹಿಡಿದುಕೊಂಡಿರುತ್ತದೆ. ಆಮ್ಲಜನಕ ಬಂದ ಸುದ್ದಿ ಸರಪಳಿಗೆ ತಲುಪುವುದು ಅದರ ಮೂಲಕ. ನನ್ನ ಪಟ್ಟಿಯಲ್ಲಿ ಆ ಎರಡೂ ಹಿಸ್ಟಿಡಿನ್‌ಗಳು ಖಾಲಿ ಪೊಳ್ಳಿನ ಕಡೆ ಮುಖ ಮಾಡಿ ಕೂತಿದ್ದವು.

ಅರ್ಧವನ್ನು ತಿರುಗಿಸಿ ಪೂರ್ತಿ ಮಾಡಲು ಒಂದು ಸಂಜೆ ಸಾಕು ಅಂದುಕೊಂಡೆ. ಮೂರು ದಿನ ಹಿಡಿಯಿತು. ನಕಲು ಸರಪಳಿಗಳಿಗೂ ಎ, ಬಿ ಎಂಬ ಅವೇ ಹೆಸರು ಉಳಿದಿದ್ದರಿಂದ ಪ್ರೋಗ್ರಾಮು ಹಳೆಯ 42ನೆಯ ಅಮೈನೋ ಆಮ್ಲದ ಮೇಲೆ ಹೊಸ 42ನೆಯದನ್ನು ಬರೆದು ಸುಮ್ಮನಾಗುತ್ತಿತ್ತು. ದೂರು ಹೇಳದೆ ತಪ್ಪು ಮಾಡುವ ಪ್ರೋಗ್ರಾಮಿಗಿಂತ ಕಿರುಚಿ ನಿಲ್ಲುವುದು ಎಷ್ಟೋ ಮೇಲು.

ಇಷ್ಟೆಲ್ಲ ಆದಮೇಲೆ, ನಂಟು ಅಂದರೇನು ಎಂಬ ಮೊದಲೇ ಕೇಳಬೇಕಿದ್ದ ಪ್ರಶ್ನೆಗೆ ಬಂದೆ. ಫೈಲಿನಲ್ಲಿ ಇರುವುದು ಪರಮಾಣುಗಳ ಜಾಗ ಮಾತ್ರ. ಅವುಗಳ ನಡುವಿನ ದೂರವನ್ನು ಆಂಗ್‌ಸ್ಟ್ರಾಮ್‌ನಲ್ಲಿ ಅಳೆಯುತ್ತೇವೆ, ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು. 574 ಅಮೈನೋ ಆಮ್ಲಗಳಿಂದ 1,64,451 ಜೊತೆಗಳಾಗುತ್ತವೆ. ಅವುಗಳಲ್ಲಿ ಯಾವುವು ನೆಂಟರು ಎಂದು ಗೆರೆ ಎಳೆಯುವವರು ನಾವು. ನಾನು ಸುಲಭದ ದಾರಿ ಹಿಡಿದಿದ್ದೆ: ಪ್ರತಿಯೊಂದರ ಬೆನ್ನೆಲುಬಿನಲ್ಲಿರುವ ಆಲ್ಫಾ ಇಂಗಾಲಗಳು 8 ಆಂಗ್‌ಸ್ಟ್ರಾಮ್ ಒಳಗಿದ್ದರೆ ನಂಟು. ಸರಪಳಿ ಹೇಗೆ ಮಡಿಚಿಕೊಂಡಿದೆ ಎಂದು ಒಟ್ಟಾರೆ ನೋಡಲು ಇದು ಸಾಕು. ಆದರೆ ಅರ್ಜಿನೈನ್ ತರಹದ್ದಕ್ಕೆ ಕೈ ಬಲು ಉದ್ದ. ಚಾಚಿದರೆ ಆಲ್ಫಾ ಇಂಗಾಲದಿಂದ ತುದಿಗೆ ಆರೇಳು ಆಂಗ್‌ಸ್ಟ್ರಾಮ್. ಅಂಥ ಎರಡು ಉದ್ದ ಕೈಗಳು ಬೀದಿಯ ಆಚೆ ಈಚೆಯಿಂದ ಕೈಕುಲುಕಿದರೆ, ಮನೆಗಳ ನಡುವಿನ ದೂರ ಅಳೆಯುವವನಿಗೆ ಅದು ಕಾಣುವುದಿಲ್ಲ. ಹೀಮೋಗ್ಲೋಬಿನ್‌ನಲ್ಲಿ ಮುಖ್ಯವಾದ ಲವಣ ಸೇತುವೆಗಳಲ್ಲಿ, ಅಂದರೆ ಧನ ಋಣ ವಿದ್ಯುದಂಶಗಳ ನಂಟುಗಳಲ್ಲಿ, ಹಲವು ಇಂಥ ಕೈಕುಲುಕುಗಳೇ. ಹಾಗಾಗಿ ಆ 8ರ ಗೆರೆ ಬಿಟ್ಟು, ಎರಡು ಅಮೈನೋ ಆಮ್ಲಗಳ ಯಾವುದೇ ಪರಮಾಣುಗಳು 4.5 ಆಂಗ್‌ಸ್ಟ್ರಾಮ್ ಒಳಗಿದ್ದರೆ ನಂಟು ಎಂದು ಬದಲಾಯಿಸಿದೆ.

ಆಗ ಬೇರೆಯ ತೊಡಕು. ಸರಪಳಿಯಲ್ಲಿ ಪಕ್ಕಪಕ್ಕದಲ್ಲಿರುವುವು ತಾಗಿಕೊಂಡೇ ಇರುತ್ತವೆ. ಹೀಮೋಗ್ಲೋಬಿನ್ ಬಹುಪಾಲು ಸುರುಳಿಗಳಿಂದಲೇ ಆದದ್ದು, ಸುರುಳಿಯಲ್ಲಿ ಪ್ರತಿಯೊಂದೂ ತನ್ನಿಂದ ನಾಲ್ಕನೆಯದಕ್ಕೆ ತಾಗಿರುತ್ತದೆ. ಪಟ್ಟಿ ತುಂಬಾ ಇವೇ. ಒಂದೇ ಬೆಂಚಿನಲ್ಲಿ ಕೂರಿಸಿದವರ ಗೆಳೆತನವನ್ನು ಎಣಿಸಿ ಏನು ತಿಳಿಯಬೇಕು? ಹತ್ತಿರದವುಗಳನ್ನು ಬಿಟ್ಟು, ಸರಪಳಿಯಲ್ಲಿ ದೂರವಿದ್ದು ಜಾಗದಲ್ಲಿ ಹತ್ತಿರ ಬಂದವುಗಳನ್ನು ಮಾತ್ರ ಇಟ್ಟುಕೊಂಡೆ. ಆಮೇಲೆ ನೋಡಿದರೆ ಟ್ರಿಪ್ಟೊಫಾನ್, ಫಿನೈಲ್‌ಅಲನೈನ್‌ಗಳೇ ಊರ ಗೌಡರು, ಎಲ್ಲರಿಗೂ ನೆಂಟರು. ಮೈ ದೊಡ್ಡದಿದ್ದರೆ ತಾಗುವುದೂ ಜಾಸ್ತಿ, ಅಷ್ಟೇ. ಇದಕ್ಕೆ ಮದ್ದು ನಮ್ಮ ಬೆಂಗಳೂರಿನಲ್ಲೇ ಇತ್ತು. ಜಿ.ಎನ್. ರಾಮಚಂದ್ರನ್ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗದಲ್ಲಿ ಸರಸ್ವತಿ ವಿಶ್ವೇಶ್ವರ ಅವರ ತಂಡ, ತಾಗಿದ ಪರಮಾಣು ಜೊತೆಗಳ ಎಣಿಕೆಯನ್ನು ಆಯಾ ಅಮೈನೋ ಆಮ್ಲದ ಗಾತ್ರಕ್ಕೆ ತಕ್ಕಂತೆ ಭಾಗಿಸಿ ನಂಟಿನ ಬಿಗಿಯನ್ನು ಲೆಕ್ಕ ಹಾಕುವ ಕ್ರಮ ಮಾಡಿತ್ತು. ಅದರ ಬಗ್ಗೆ ಅವರು ಬರೆದ ಲೇಖನವನ್ನು ಮೊದಲೇ ಓದಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಎಲ್ಲ ಸರಿಪಡಿಸಿದ ಮೇಲೆ ಪಟ್ಟಿಗಳನ್ನು ಮತ್ತೆ ಎದುರುಬದುರು ಇಟ್ಟೆ. ಅಣು ಕಳಚಿಕೊಂಡಿರಲಿಲ್ಲ. ಒಂದು ಜೋಡಿ ಇನ್ನೊಂದರ ಮೇಲೆ ಸುಮಾರು 15 ಡಿಗ್ರಿ ಹೊರಳಿತ್ತು, ಅಷ್ಟೇ. ಆಮ್ಲಜನಕ ಇಲ್ಲದಾಗ ಆಲ್ಫಾದ 42ನೆಯ ಟೈರೋಸಿನ್ ಎದುರು ಜೋಡಿಯ ಬೀಟಾದ 99ನೆಯ ಆಸ್ಪಾರ್ಟೇಟನ್ನು ಹಿಡಿದಿರುತ್ತದೆ. ಆಮ್ಲಜನಕ ಬಂದಾಗ ಆ ಕೈ ಬಿಟ್ಟು, ಆಲ್ಫಾ 94ರ ಆಸ್ಪಾರ್ಟೇಟ್ ಬೀಟಾ 102ರ ಆಸ್ಪರಜೀನನ್ನು ಹಿಡಿಯುತ್ತದೆ. ನನಗಿಂತ ಎಷ್ಟೋ ಮೊದಲೇ ಪಠ್ಯಪುಸ್ತಕ ಸೇರಿದ್ದ ಸಂಗತಿ. ಆದರೂ ನನ್ನದೇ ಪಟ್ಟಿಯಲ್ಲಿ ಆ ಎರಡು ಸಾಲು ಕಂಡಾಗ ಆದ ಖುಷಿ ಹಿಂದಿನ ಸುಳ್ಳು ಶೋಧದ ಖುಷಿಗಿಂತ ಹೆಚ್ಚಿನದು. ಈ ನಂಟುಗಳಿಗೆ ಸಾಕ್ಷಿ ಮನುಷ್ಯರ ರಕ್ತದಲ್ಲೇ ಇದೆ. ಬೀಟಾ 99 ಬದಲಾದ ಕೆಂಪ್ಸೀ ಎಂಬ ಹೀಮೋಗ್ಲೋಬಿನ್ ಆಮ್ಲಜನಕವನ್ನು ಬಿಗಿಯಾಗಿ ಹಿಡಿದು ಬಿಡಲೊಲ್ಲದು. 102 ಬದಲಾದ ಕಾನ್ಸಾಸ್ ಎಂಬುದು ಸಡಿಲವಾಗಿ ಹಿಡಿಯುತ್ತದೆ, ಅಂಥವರ ಮೈ ನೀಲಿಗಟ್ಟುತ್ತದೆ.

4.5 ಎಂಬ ಗೆರೆಯನ್ನೂ ಹಾಗೇ ನಂಬಲಿಲ್ಲ. 4.49 ನೆಂಟ, 4.51 ಪರಕೀಯ ಎನ್ನಲು ಈ ಅಳತೆಗಳು ಅಷ್ಟು ಕರಾರುವಾಕ್ಕಲ್ಲ. 4ಕ್ಕೂ 5ಕ್ಕೂ ಎಳೆದು ನೋಡಿದೆ. ಎಣಿಕೆ ಏರಿತು, ಇಳಿಯಿತು. 42 ಮತ್ತು 99 ಮೂರರಲ್ಲೂ ಉಳಿದವು. ನಾನು ಬಹಳ ಇಷ್ಟಪಟ್ಟಿದ್ದ ಇನ್ನೊಂದು ಜೊತೆ 4ರಲ್ಲಿ ಮಾಯವಾಯಿತು. ಅದರ ಬಗ್ಗೆ ಬರೆದಿದ್ದ ಎರಡು ಪುಟ ಅಳಿಸಿದೆ.

ಇಷ್ಟರಲ್ಲಿ ನಾನು ಚುರುಕಾಗಿದ್ದೆ, ಬಹುಶಃ ಅತಿಯಾಗಿಯೇ. ಹರಳಿನಲ್ಲಿ ಅಣುಗಳು ಒತ್ತೊತ್ತಾಗಿ ಕೂತಿರುತ್ತವೆ, ಒಂದು ಅಣುವಿನ ಹೊರಮೈ ಪಕ್ಕದ ಅಣುವಿಗೆ ತಾಗುತ್ತದೆ. ಅದು ಬೆಳಗಿನ ಮೆಜೆಸ್ಟಿಕ್ ಬಸ್ಸು: ಭುಜಕ್ಕೆ ಭುಜ ತಾಗಿದ ಮಾತ್ರಕ್ಕೆ ಬೀಗರಲ್ಲ. ಅಣುವಿನಾಚೆಯ ತಾಗುವಿಕೆಯನ್ನೆಲ್ಲ ತೆಗೆದುಹಾಕುವ ಸಾಲೊಂದನ್ನು ಪ್ರೋಗ್ರಾಮಿಗೆ ಸೇರಿಸಿ ಹೆಮ್ಮೆಪಟ್ಟುಕೊಂಡೆ. ಮುಂದಿನ ಕೆಲಸ ಕುಡುಗೋಲು ಕಣ ರೋಗದ ಹೀಮೋಗ್ಲೋಬಿನ್, 2ಎಚ್‌ಬಿಎಸ್. 1952ರಲ್ಲಿ ನಮ್ಮ ಪಕ್ಕದ ನೀಲಗಿರಿಯ ಗುಡ್ಡಗಾಡು ಜನರಲ್ಲಿ ಕಂಡುಬಂದ ಮೇಲೆ ಭಾರತದಲ್ಲಿ ಈ ರೋಗದ ಚರ್ಚೆ ಶುರುವಾಯಿತು. ಬೀಟಾ ಸರಪಳಿಯ 6ನೆಯ ಜಾಗದಲ್ಲಿ ಗ್ಲುಟಮೇಟ್ ಬದಲು ವ್ಯಾಲಿನ್, ಅಷ್ಟೇ ವ್ಯತ್ಯಾಸ. ವರ್ನನ್ ಇನ್‌ಗ್ರಾಮ್ 1950ರ ದಶಕದಲ್ಲಿ ಅದನ್ನು ಗುರುತಿಸಿದರು. ನನ್ನ ಪಟ್ಟಿ ಏನು ಹೇಳಿತು? ರೋಗದ ಅಣುವಿಗೂ ಆರೋಗ್ಯದ ಅಣುವಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ.

ಇರುವುದಾದರೂ ಹೇಗೆ? ಆ ವ್ಯಾಲಿನ್ ಹೊರಮೈಯಲ್ಲಿದೆ. ತನ್ನ ಅಣುವಿನೊಳಗೆ ಅದಕ್ಕೆ ಹೆಚ್ಚು ಕೆಲಸವಿಲ್ಲ. ಅದು ಹೋಗಿ ಸಿಕ್ಕಿಕೊಳ್ಳುವುದು ಪಕ್ಕದ ಅಣುವಿನ ಬೀಟಾ ಸರಪಳಿಯಲ್ಲಿ, 85ರ ಫಿನೈಲ್‌ಅಲನೈನ್ ಮತ್ತು 88ರ ಲ್ಯೂಸಿನ್ ನಡುವಿನ ಸಂದಿಯಲ್ಲಿ. ಹಾಗೆ ಒಂದಕ್ಕೊಂದು ಸಿಕ್ಕಿಕೊಂಡು ಎಳೆಯಾಗಿ, ಎಳೆಗಳು ಹೊಸೆದು ಹಗ್ಗವಾಗಿ ಕೆಂಪುಕಣವನ್ನು ಕುಡುಗೋಲಿನ ಹಾಗೆ ಬಾಗಿಸುತ್ತವೆ. ಆ ಹರಳಿನಲ್ಲಿ ಅಣುಗಳು ಕೂತಿರುವುದು ಬಹುಮಟ್ಟಿಗೆ ರೋಗಿಯ ರಕ್ತದಲ್ಲಿನ ಎಳೆಗಳ ಹಾಗೆಯೇ. ಬಸ್ಸಿನ ನೂಕುನುಗ್ಗಲು ಎಂದು ನಾನು ಗುಡಿಸಿ ಹಾಕಿದ್ದೇ ರೋಗ.

ಗೈಡ್ ಹತ್ತಿರ ಹೇಳಿಕೊಂಡೆ. ನಗಲಿಲ್ಲ. 'ಆ ಸಾಲು ತಗೀಬ್ಯಾಡ, ಅದರ ಮ್ಯಾಲ ಯಾಕ ಅಂತ ಬರದಿಡು' ಅಂದರು. ಬರೆದಿಟ್ಟಿದ್ದೇನೆ. ಆ ಪ್ರೋಗ್ರಾಮಿನಲ್ಲಿ ಈಗ ಲೆಕ್ಕಕ್ಕಿಂತ ಟಿಪ್ಪಣಿಗಳೇ ಜಾಸ್ತಿ: ಯಾವ ಗೆರೆ, ಯಾಕೆ, ಯಾವ ಪ್ರಶ್ನೆಗೆ ಇದು ಹೊಂದುವುದಿಲ್ಲ. ಒಂದು ಪಕ್ಕಸರಪಳಿಗೆ, ಅಂದರೆ ಅಮೈನೋ ಆಮ್ಲದ ಕೈಗೆ, ಎರಡು ಭಂಗಿ ಕೊಟ್ಟಿದ್ದರೆ ಎರಡು ಸಲ ಎಣಿಸಬೇಡ. ಬೀಟಾ 6 ಅನ್ನುವುದನ್ನೇ ವಂಶವಾಹಿಯ ಕಡೆಯವರು 7 ಅನ್ನುತ್ತಾರೆ, ಮೊದಲ ಮೆಥಿಯೋನಿನ್ ಎಣಿಸುತ್ತಾರೆ. ಹೀಗೆ ಚಿಲ್ಲರೆ ಎಚ್ಚರಿಕೆಗಳು.

ಈಗ ನನ್ನ ಹತ್ತಿರ ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರು ಹರಳಿನ ರಚನೆಗಿಂತ ಆಲ್ಫಾಫೋಲ್ಡ್ ಎಂಬ ಪ್ರೋಗ್ರಾಮು ಊಹಿಸಿದ ರಚನೆಯನ್ನೇ ಮೊದಲು ತರುತ್ತಾರೆ. ಹರಳಿನ ಫೈಲಿನಲ್ಲಿ ಪರಮಾಣುವಿನ ಅಲುಗಾಟವನ್ನು ಬರೆಯುವ ಕಾಲಮ್ಮಿನಲ್ಲೇ ಆಲ್ಫಾಫೋಲ್ಡ್ ತನ್ನ ಭರವಸೆಯ ಅಂಕ ಬರೆಯುತ್ತದೆ, ನೂರಕ್ಕೆ ಇಷ್ಟು ಅಂತ. ಒಂದರಲ್ಲಿ ಸಂಖ್ಯೆ ಏರಿದಷ್ಟೂ ನಂಬಿಕೆ ಕಡಿಮೆ, ಇನ್ನೊಂದರಲ್ಲಿ ಏರಿದಷ್ಟೂ ಹೆಚ್ಚು. ಕಳೆದ ವಾರ ಒಬ್ಬಳು ಅತಿ ಗಟ್ಟಿ ಭಾಗಗಳನ್ನೆಲ್ಲ ಅಲುಗಾಡುವುವು ಎಂದು ತೆಗೆದು, ಸಡಿಲವಾಗಿ ತೇಲುವ ತುದಿಗಳಲ್ಲಿ ನಂಟು ಹುಡುಕಿಕೊಂಡು ಬಂದಿದ್ದಳು. ಚಿತ್ರ ಮಾತ್ರ ಬಹಳ ಚೆನ್ನಾಗಿತ್ತು.

'ಫೈಲನ್ನ ನೋಟ್‌ಪ್ಯಾಡಲ್ಲಿ ತೆರೆದು ನೋಡಿದ್ಯಾ?' ಅಂದೆ.

'ಇಲ್ಲ ಸರ್, ಪ್ರೋಗ್ರಾಮೇ ಓದತ್ತಲ್ಲ.'

ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ. ಮೊದಲ ಸಾಲಿನಿಂದ ಓದಲು ಶುರುಮಾಡಿದೆವು.